ಮನೆಯಲ್ಲಿ ಏರ್‌ಗನ್, ಸುತ್ತ ಮಕ್ಕಳು: ದಾವಣಗೆರೆ, ಚಿತ್ರದುರ್ಗದ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟ ಇರಲಿ, ಜಗಳೂರಿನ ಮೆಕ್ಕೆಜೋಳದ ಹೊಲ ಇರಲಿ, ಕೋತಿ ಮತ್ತು ಗಿಳಿ ಕಾಟಕ್ಕೆ ಏರ್‌ಗನ್ ತಂದಿಟ್ಟುಕೊಳ್ಳುವವರು ಇದ್ದಾರೆ. ಬೇಸಿಗೆ ರಜೆ, ದಸರಾ ರಜೆ ಬಂದರೆ ಅದೇ ತೋಟದ ಮನೆಗೆ ಪೇಟೆಯಿಂದ ಮಕ್ಕಳೂ ಬರುತ್ತಾರೆ. ಇಲ್ಲಿರುವ ಪ್ರಶ್ನೆಗಳು ಅಂಥ ಮನೆಗಳವು. ಉತ್ತರಗಳು ಡಾಕ್ಟರರ ಸಲಹೆಗೆ ಬದಲಿ ಅಲ್ಲ. ಮಗುವಿಗೆ ಈಗ ತಾನೇ ಗುಂಡು ತಗುಲಿದ್ದರೆ ಓದುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಲೈಸೆನ್ಸ್ ಬೇಡ ಅಂತಾರೆ. ಹಾಗಾದರೆ ಅದು ಆಟದ ಗನ್ನೇ ತಾನೆ?

ಅಲ್ಲ. ಹೆಚ್ಚಿನ ಅನಾಹುತಗಳು ಶುರುವಾಗುವುದೇ ಈ ತಿಳಿವಳಿಕೆಯಿಂದ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯ ಅಳತೆ 4.5 ಮಿಲಿಮೀಟರ್ ದಾಟದ, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ. ಅದಕ್ಕಿಂತ ದೊಡ್ಡದಕ್ಕೆ, ಉದಾಹರಣೆಗೆ ಪಾಯಿಂಟ್ 22 ಅನ್ನುವ 5.5 ಮಿ.ಮೀ. ಗನ್‌ಗೆ, ಲೈಸೆನ್ಸ್ ಬೇಕು. ಸರ್ಕಾರ ಹೇಳಿರುವುದು ಇಷ್ಟೇ. ‘ಮಕ್ಕಳ ಕೈಗೆ ಕೊಡಬಹುದು’ ಅಂತ ಎಲ್ಲೂ ಹೇಳಿಲ್ಲ. ಇಳಿಗೆ ಮಣೆಗೂ ಲೈಸೆನ್ಸ್ ಇಲ್ಲ, ಹಾಗಂತ ಅದನ್ನು ಮೂರು ವರ್ಷದ ಮಗುವಿನ ಮುಂದೆ ಬಿಟ್ಟು ಹೋಗುತ್ತೇವಾ?

ಒಳಗೆ ಮದ್ದೇ ಇಲ್ಲ. ಬರೀ ಗಾಳಿ. ಅಷ್ಟು ಪೆಟ್ಟು ಹೇಗೆ ಬೀಳುತ್ತದೆ?

ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು ನಳಿಕೆ ಬಗ್ಗಿಸಿ ಸ್ಪ್ರಿಂಗ್ ಎಳೆಯುವ ಗನ್. ಕುದುರೆ (ಟ್ರಿಗರ್) ಒತ್ತಿದಾಗ ಸ್ಪ್ರಿಂಗ್ ಬಿಟ್ಟುಕೊಂಡು ಒಳಗಿನ ಪಿಸ್ಟನ್ ಮುಂದೆ ನುಗ್ಗುತ್ತದೆ. ಅದರ ಮುಂದಿದ್ದ ಗಾಳಿ ಒಮ್ಮೆಗೇ ಒತ್ತಿಕೊಂಡು ಸೀಸದ ಸಣ್ಣ ಗುಂಡನ್ನು, ಅಂದರೆ ಪೆಲೆಟ್ಟನ್ನು, ಹೊರಗೆ ತಳ್ಳುತ್ತದೆ. ಕೆಲವು ಗನ್‌ಗಳಲ್ಲಿ ಸ್ಪ್ರಿಂಗ್ ಬದಲು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇರುತ್ತದೆ.

ಒಂದು ಲೆಕ್ಕ ನೋಡಿ. 4.5 ಮಿ.ಮೀ. ಪೆಲೆಟ್ಟಿನ ತೂಕ ಸುಮಾರು ಅರ್ಧ ಗ್ರಾಂ. ಅದು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಗಂಟೆಗೆ 720 ಕಿಲೋಮೀಟರ್ ಆಯಿತು. ಶಕ್ತಿ 10 ಜೂಲ್. ಅಂದರೆ ಕಾನೂನು ಲೈಸೆನ್ಸ್ ಇಲ್ಲದೆ ಬಿಡುವ ಮಿತಿಯ ಅರ್ಧ ಮಾತ್ರ. ಆ ಅರ್ಧವೇ ಹತ್ತಿರದಿಂದ ಚರ್ಮ ಸೀಳಿ ಒಳಗೆ ಹೋಗಲು, ಮಗುವಿನ ಕಣ್ಣಿನ ಗುಡ್ಡೆ ಒಡೆಯಲು ಧಾರಾಳ ಸಾಕು. ಶಕ್ತಿಯೆಲ್ಲ ಒಂದು ಕಾಳಿನಷ್ಟು ಜಾಗದ ಮೇಲೆ ಬೀಳುತ್ತದೆ, ಅದೇ ತೊಂದರೆ.

ದೊಡ್ಡವರಿಗೆ ತಗುಲಿದರೆ ಗಾಯ, ಮಕ್ಕಳಿಗೆ ತಗುಲಿದರೆ ಪ್ರಾಣಕ್ಕೇ ಅಪಾಯ ಅಂತಾರೆ. ನಿಜವೇ?

ದೊಡ್ಡವರೂ ಸತ್ತಿದ್ದಾರೆ, ಆದರೆ ಮಕ್ಕಳಿಗೆ ಅಪಾಯ ಜಾಸ್ತಿ. ಮಕ್ಕಳ ಚರ್ಮ ತೆಳು, ಚರ್ಮದ ಕೆಳಗಿನ ಮಾಂಸವೂ ತೆಳು. ಎದೆಗೂಡು ಚಿಕ್ಕದು. ಪಕ್ಕೆಲುಬುಗಳ ನಡುವೆ ನುಗ್ಗಿದ ಪೆಲೆಟ್ ಬಹಳ ದೂರ ಹೋಗಬೇಕಿಲ್ಲ, ಹೃದಯ, ಶ್ವಾಸಕೋಶ ಅಲ್ಲೇ ಇರುತ್ತವೆ. ತಲೆಯಲ್ಲಿ ಕಣತಲೆಯ ಮೂಳೆ ಮತ್ತು ಕಣ್ಣಿನ ಗೂಡಿನ ಮೇಲ್ಭಾಗದ ಮೂಳೆ ದೊಡ್ಡವರಲ್ಲೇ ತೆಳು. ಮಗುವಿನಲ್ಲಿ ಇನ್ನೂ ತೆಳು. ರೆಪ್ಪೆಯ ಹತ್ತಿರ ಹೊಕ್ಕ ಪೆಲೆಟ್ ಆ ಮೂಳೆ ದಾಟಿ ಮಿದುಳು ಸೇರಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ.

ಇನ್ನೊಂದು ಕಾರಣ ಎತ್ತರ. ನಾಲ್ಕು ವರ್ಷದ ಮಗುವಿನ ಮುಖ ದೊಡ್ಡ ಹುಡುಗನ ಸೊಂಟದ ಮಟ್ಟಕ್ಕೆ ಬರುತ್ತದೆ. ಅವನು ಗನ್ ಅಡ್ಡ ಹಿಡಿದು ನಿಂತರೆ ನಳಿಕೆ ನೋಡುವುದು ತಮ್ಮನ ಮುಖವನ್ನೇ. ಗುಂಡು ಹಾರಿಸಿದವರು ಹೆಚ್ಚಾಗಿ ಹೊರಗಿನವರಲ್ಲ. ಅಣ್ಣ, ಚಿಕ್ಕಪ್ಪನ ಮಗ, ಪಕ್ಕದ ಮನೆಯ ಗೆಳೆಯ. ಕೋತಿ ಓಡಿಸಲು ಇಟ್ಟಿದ್ದ ಏರ್‌ಗನ್‌ನಿಂದ ಮಕ್ಕಳು ಸತ್ತ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲೇ ಬಂದಿದೆ.

ಕಣ್ಣಿಗೆ ತಗುಲಿದರೆ ಏನಾಗುತ್ತದೆ?

ಏರ್‌ಗನ್ ಗಾಯಗಳಲ್ಲಿ ಬದುಕಿಡೀ ಉಳಿಯುವ ನಷ್ಟ ಹೆಚ್ಚಾಗಿ ಕಣ್ಣಿನದು. ಪೆಲೆಟ್ ಎರಡು ರೀತಿ ಹಾಳು ಮಾಡುತ್ತದೆ. ಒಂದು, ಗುಡ್ಡೆಯನ್ನೇ ಸೀಳಿ ಒಳಗೆ ಹೋಗುವುದು. ಹಾಗಾದಾಗ ಒಳ್ಳೆಯ ಆಪರೇಷನ್ ಆದರೂ ಎಷ್ಟೋ ಮಕ್ಕಳಿಗೆ ಆ ಕಣ್ಣಿನ ದೃಷ್ಟಿ ಪೂರ್ತಿ ಮರಳುವುದಿಲ್ಲ. ಕೆಲವರಿಗೆ ಕಣ್ಣನ್ನೇ ತೆಗೆಯಬೇಕಾಗುತ್ತದೆ.

ಎರಡನೆಯದು ಮೋಸದ್ದು. ಗುಡ್ಡೆ ಒಡೆದಿರುವುದಿಲ್ಲ, ಹೊರಗಿನಿಂದ ಕಣ್ಣು ಸ್ವಲ್ಪ ಕೆಂಪಾಗಿದೆ ಅಷ್ಟೇ. ಒಳಗೆ ಮಾತ್ರ ರಕ್ತ ಸೋರಿರುತ್ತದೆ, ಇಲ್ಲವೇ ಕಣ್ಣಿನ ಹಿಂಭಾಗದ ಪರದೆ (ರೆಟಿನಾ) ಕಿತ್ತಿರುತ್ತದೆ. ಕಪ್ಪು ಗುಡ್ಡೆಯ ಕೆಳಭಾಗದಲ್ಲಿ ರಕ್ತ ನಿಂತಂತೆ ಕಂಡರೆ, ಮಗು ವಾಂತಿ ಮಾಡಿದರೆ, ಸುಮ್ನೆ ಮಂಕಾಗಿ ಮಲಗಿದರೆ ತಡ ಮಾಡಬೇಡಿ. ಅಂಥ ಪೆಟ್ಟು ತಿಂದ ಕಣ್ಣಿನಲ್ಲಿ ವರ್ಷಗಳ ಮೇಲೆ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಅದಕ್ಕೇ ‘ವಾಸಿಯಾಯಿತು’ ಅಂದ ಮೇಲೂ ವರ್ಷಕ್ಕೊಮ್ಮೆ ತೋರಿಸಿ ಅನ್ನುತ್ತಾರೆ.

ಏಳೆಂಟು ವರ್ಷದೊಳಗಿನ ಮಕ್ಕಳಿಗೆ ಇನ್ನೊಂದು ಸಮಸ್ಯೆ ಇದೆ. ಆ ವಯಸ್ಸಿನಲ್ಲಿ ಮಿದುಳು ಇನ್ನೂ ನೋಡುವುದನ್ನು ಕಲಿಯುತ್ತಿರುತ್ತದೆ. ಗಾಯದಿಂದ ಒಂದು ಕಣ್ಣು ತಿಂಗಳುಗಟ್ಟಲೆ ಮಂಜಾದರೆ ಮಿದುಳು ಆ ಕಣ್ಣನ್ನು ಬಿಟ್ಟು ಇನ್ನೊಂದರಿಂದಲೇ ನೋಡಲು ಶುರು ಮಾಡುತ್ತದೆ. ಆಮೇಲೆ ಗಾಯ ಮಾಗಿದರೂ ದೃಷ್ಟಿ ಮಂದವಾಗಿಯೇ ಉಳಿಯಬಹುದು. ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಪೆಟ್ಟಾದ ಕಣ್ಣಿಗೆ ಕೆಲಸ ಕೊಡುವ ಚಿಕಿತ್ಸೆ ಇದೆ. ಮಗು ಹಟ ಮಾಡುತ್ತದೆ, ಶಾಲೆಯಲ್ಲಿ ಬೇರೆ ಮಕ್ಕಳು ಆಡಿಕೊಳ್ಳುತ್ತಾರೆ. ಆದರೂ ನಡುವೆ ಬಿಡಬೇಡಿ.

ಕಣ್ಣಿಗೆ ತಗುಲಿದ ತಕ್ಷಣ ಮನೆಯಲ್ಲಿ ಏನು ಮಾಡಬೇಕು?

ಮಾಡಬಾರದ್ದೇ ಜಾಸ್ತಿ ಇದೆ. ಕಣ್ಣು ಉಜ್ಜಬೇಡಿ, ಒತ್ತಬೇಡಿ. ನೀರು ಎರಚಿ ತೊಳೆಯಬೇಡಿ. ರೆಪ್ಪೆ ಊದಿಕೊಂಡಿದ್ದರೆ ಬಲವಂತವಾಗಿ ತೆರೆದು ನೋಡಬೇಡಿ. ಮನೆಯಲ್ಲಿ ಉಳಿದಿರುವ ಡ್ರಾಪ್ಸ್, ಮುಲಾಮು ಬೇಡ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ ಯಾವುದೂ ಬೇಡ. ಅಜ್ಜಿ ಬೇಜಾರು ಮಾಡಿಕೊಂಡರೆ ಆಮೇಲೆ ಸಮಾಧಾನ ಮಾಡಬಹುದು.

ಒಡೆದ ಗುಡ್ಡೆಯನ್ನು ಒತ್ತಿದರೆ ಒಳಗಿನ ದ್ರವ, ಪರದೆ ಹೊರಗೆ ಬಂದುಬಿಡುತ್ತದೆ. ಹಾಗಾಗಿ ಹತ್ತಿ ಇಟ್ಟು ಬಿಗಿಯಾಗಿ ಪಟ್ಟಿ ಕಟ್ಟುವುದೂ ತಪ್ಪು. ಒಂದು ಕಾಗದದ ಲೋಟವನ್ನು ಬುಡದ ಕಡೆಯಿಂದ ಎರಡು ಬೆರಳಷ್ಟು ಎತ್ತರಕ್ಕೆ ಕತ್ತರಿಸಿ. ಅದರ ಅಂಚು ಹುಬ್ಬು ಮತ್ತು ಕೆನ್ನೆಯ ಮೂಳೆ ಮೇಲೆ ಕೂರುವಂತೆ, ಕಣ್ಣಿಗೆ ಎಲ್ಲೂ ತಾಗದಂತೆ ಮುಚ್ಚಿ. ಅಂಚಿಗೆ ಟೇಪ್ ಹಾಕಿ. ಮಗುವಿನ ತಲೆ ಎತ್ತರದಲ್ಲಿರಲಿ, ಮಡಿಲಲ್ಲಿ ಕೂರಿಸಿಕೊಳ್ಳಿ. ಅಳು ಜೋರಾದಷ್ಟೂ ಕಣ್ಣಿನೊಳಗೆ ಒತ್ತಡ ಏರುತ್ತದೆ, ಹಾಗಾಗಿ ಬೈಗುಳ, ವಿಚಾರಣೆ ಆಗ ಬೇಡ. ನೀರು, ಹಾಲು, ಬಿಸ್ಕತ್ತು ಏನನ್ನೂ ಕೊಡಬೇಡಿ. ಆಪರೇಷನ್‌ಗೆ ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕು. ನೋವಿಗೆ ಅಂತ ನೀವೇ ಆಸ್ಪಿರಿನ್, ಬ್ರೂಫೆನ್ ಕೊಡಬೇಡಿ. ಅವು ರಕ್ತಸ್ರಾವ ಹೆಚ್ಚಿಸಬಹುದು.

ಒಡೆದ ಗುಡ್ಡೆಯನ್ನು 24 ಗಂಟೆಯೊಳಗೆ ಹೊಲಿದರೆ ಸೋಂಕಿನ ಭಯ ಕಡಿಮೆ. ಬೆಳಗ್ಗೆ ನೋಡೋಣ ಅನ್ನಬೇಡಿ, ಅವತ್ತೇ ಹೊರಡಿ.

ಹೊಟ್ಟೆ ಮೇಲೆ ಚಿಕ್ಕ ತೂತು ಅಷ್ಟೇ. ರಕ್ತವೂ ಇಲ್ಲ, ಮಗು ಆಡುತ್ತಿದೆ. ಆಸ್ಪತ್ರೆಗೆ ಹೋಗಲೇಬೇಕಾ?

ಹೋಗಲೇಬೇಕು. ಈ ಪುಟದಲ್ಲಿ ಒಂದೇ ಉತ್ತರ ಓದುವವರಿದ್ದರೆ ಇದನ್ನು ಓದಲಿ.

ಪೆಲೆಟ್ ಮಾಡುವ ತೂತು ಮೆಣಸಿನ ಕಾಳಿಗಿಂತ ದೊಡ್ಡದಿರುವುದಿಲ್ಲ. ಚರ್ಮ ಹಿಗ್ಗಿ ಮತ್ತೆ ಕೂಡಿಕೊಳ್ಳುವುದರಿಂದ ಕೆಲವೊಮ್ಮೆ ಇರುವೆ ಕಚ್ಚಿದ ಗುರುತಿನಂತೆ ಕಾಣುತ್ತದೆ. ಹೊರಗೆ ರಕ್ತ ಬರದಿದ್ದರೆ ಒಳಗೂ ಬಂದಿಲ್ಲ ಅಂತ ಅರ್ಥವಲ್ಲ. ಬಹಳ ಸಲ ಪೆಲೆಟ್ ಆ ಕಡೆಯಿಂದ ಹೊರಗೆ ಬರುವುದೂ ಇಲ್ಲ. ಒಳಗೆ ಮೂಳೆಗೆ ತಾಗಿ ದಿಕ್ಕು ಬದಲಿಸಿ ಎಲ್ಲೋ ಹೋಗಿ ಕೂತಿರುತ್ತದೆ. ಕರುಳಿಗೆ ತೂತಾಗಿದ್ದರೆ ಮೊದಲ ಕೆಲವು ಗಂಟೆ ಮಗು ಆರಾಮಾಗಿಯೇ ಇರಬಹುದು. ಆಮೇಲೆ ಹೊಟ್ಟೆ ಗಟ್ಟಿಯಾಗಿ, ಜ್ವರ, ವಾಂತಿ ಶುರುವಾಗುವಷ್ಟರಲ್ಲಿ ಸೋಂಕು ಹೊಟ್ಟೆಯೆಲ್ಲ ಹರಡಿರುತ್ತದೆ. ಎದೆಗೆ ತಗುಲಿದ ಪೆಲೆಟ್ ಹೃದಯ ಅಥವಾ ದೊಡ್ಡ ರಕ್ತನಾಳ ಹೊಕ್ಕು, ರಕ್ತದ ಜೊತೆ ಹರಿದು ಕೈಕಾಲಿಗೋ ಶ್ವಾಸಕೋಶಕ್ಕೋ ಸೇರಿರುವುದೂ ಉಂಟು.

ತಲೆ, ಕುತ್ತಿಗೆ, ಎದೆ, ಹೊಟ್ಟೆ, ತೊಡೆಸಂದು, ಕಣ್ಣು: ಈ ಜಾಗಗಳಲ್ಲಿ ತೂತು ಎಷ್ಟೇ ಚಿಕ್ಕದಿದ್ದರೂ ನೇರ ಆಸ್ಪತ್ರೆ. ಕೈಕಾಲಿಗಾದರೆ ಪ್ರಾಣಕ್ಕೆ ಅಷ್ಟು ಭಯವಿಲ್ಲ, ಆದರೂ ಎಕ್ಸ್‌ರೇ ಬೇಕು. ತೂತಿನೊಳಗೆ ಪಿನ್ನು, ಚಿಮ್ಮಟ ಹಾಕಿ ಹುಡುಕಬೇಡಿ. ಅರಿಶಿನ, ಕಾಫಿಪುಡಿ, ಸುಣ್ಣ ತುಂಬಬೇಡಿ. ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ (ಕಣ್ಣಿಗೆ ಮಾತ್ರ ಇದು ಬೇಡ).

ಯಾವ ಆಸ್ಪತ್ರೆಗೆ? ಏನೇನು ತೆಗೆದುಕೊಂಡು ಹೋಗಬೇಕು?

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರಾಥಮಿಕ ಚಿಕಿತ್ಸೆ ಆಗಬಹುದು. ಆದರೆ ಇದಕ್ಕೆ ಬೇಕಾದದ್ದು ಸಿಟಿ ಸ್ಕ್ಯಾನ್, ಸರ್ಜನ್, ಕಣ್ಣಿನ ಡಾಕ್ಟರು, ಮಕ್ಕಳಿಗೆ ಅರಿವಳಿಕೆ ಕೊಡುವವರು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳೂ ಇವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಎರಡೂ ಊರು ರಾಷ್ಟ್ರೀಯ ಹೆದ್ದಾರಿ 48ರ ಮೇಲೇ ಇರುವುದರಿಂದ ಒಂದು ಕಡೆ ಆಗದಿದ್ದರೆ ಇನ್ನೊಂದು ಕಡೆಗೆ ಸುಮಾರು 60 ಕಿ.ಮೀ. ಅಷ್ಟೇ. ಕಣ್ಣಿನ ಪರದೆಯ ದೊಡ್ಡ ಆಪರೇಷನ್‌ಗೆ ಬೆಂಗಳೂರಿನ ಮಿಂಟೋ, ಮಿದುಳಿನ ಗಾಯಕ್ಕೆ ನಿಮ್ಹಾನ್ಸ್‌ಗೆ ಕಳಿಸಬಹುದು. ಆದರೆ ನೀವೇ ನಿರ್ಧರಿಸಿ ಮೊದಲೇ ಬೆಂಗಳೂರಿಗೆ ಕಾರು ಓಡಿಸಬೇಡಿ. ಇಲ್ಲಿ ನೋಡಿ, ಮಗುವಿನ ಸ್ಥಿತಿ ಸ್ಥಿರ ಮಾಡಿ ಕಳಿಸುವುದೇ ಸರಿ.

ತಾಯಿ ಕಾರ್ಡ್ ಅಥವಾ ಲಸಿಕೆ ಪುಸ್ತಕ ತನ್ನಿ. 16ರಿಂದ 24 ತಿಂಗಳಿನ ಮತ್ತು 5–6 ವರ್ಷದ ಡಿಪಿಟಿ ಬೂಸ್ಟರ್ ಆಗಿದೆಯಾ ಅಂತ ಕೇಳುತ್ತಾರೆ, ಧನುರ್ವಾಯು ಚುಚ್ಚುಮದ್ದು ಬೇಕಾ ಅನ್ನುವುದು ಅದರ ಮೇಲೆ ನಿಂತಿದೆ. ಅದೇ ಡಬ್ಬಿಯ ಇನ್ನೊಂದು ಪೆಲೆಟ್ ಜೇಬಿನಲ್ಲಿ ಹಾಕಿಕೊಳ್ಳಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಬಹಳ ಉಪಯೋಗಕ್ಕೆ ಬರುತ್ತದೆ. ಸೀಸಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ, ಬಿಬಿ ಅನ್ನುವ ಉಕ್ಕಿನ ದುಂಡನೆಯ ಗುಂಡಿಗೆ ಹಿಡಿಯುತ್ತದೆ. ಒಳಗೆ ಉಕ್ಕಿದ್ದಾಗ ಎಂಆರ್‌ಐ ಮಾಡಿದರೆ ಗುಂಡು ಒಳಗೇ ಸರಿದು ಇನ್ನಷ್ಟು ಹಾನಿಯಾಗಬಹುದು. ಮುಂದೆ ಯಾವಾಗ ಎಂಆರ್‌ಐ ಅಂದರೂ ‘ಒಳಗೆ ಗುಂಡಿದೆ’ ಅಂತ ಮೊದಲೇ ಹೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಅಲ್ಲೇ ವಿಚಾರಿಸಿ.

ಪೊಲೀಸ್ ಕೇಸ್ ಆಗುತ್ತದೆ ಅಂತ ಭಯ. ‘ಕಡ್ಡಿ ಚುಚ್ಚಿತು’ ಅಂದರೆ ನಡೆಯುತ್ತದಾ?

ದಯವಿಟ್ಟು ಹಾಗೆ ಹೇಳಬೇಡಿ. ಕಡ್ಡಿ ಅಂದರೆ ಡಾಕ್ಟರು ಕಡ್ಡಿಯ ಗಾಯ ಹುಡುಕುತ್ತಾರೆ, ಎಕ್ಸ್‌ರೇ ತಡವಾಗುತ್ತದೆ. ಆಮೇಲೆ ಫಿಲ್ಮಿನಲ್ಲಿ ಪೆಲೆಟ್ ಬೆಳ್ಳಗೆ ಹೊಳೆಯುತ್ತದೆ, ಸುಳ್ಳು ಹೇಗೂ ನಿಲ್ಲುವುದಿಲ್ಲ.

ಗುಂಡಿನ ಗಾಯವನ್ನು ಆಸ್ಪತ್ರೆಯವರು ಮೆಡಿಕೋ ಲೀಗಲ್ ಕೇಸ್ ಅಂತ ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಅದು ಅವರ ಕರ್ತವ್ಯ. ಹಾಗಂತ ಪೊಲೀಸರು ಬರುವವರೆಗೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಮೊದಲು ಜೀವ, ಆಮೇಲೆ ಕಾಗದಪತ್ರ ಅನ್ನುವುದನ್ನು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಕಾನೂನಿನ ಕಣ್ಣಲ್ಲಿ ಅಪರಾಧವೇ ಅಲ್ಲ. ಅದಕ್ಕಿಂತ ದೊಡ್ಡ ಮಕ್ಕಳ ವಿಷಯ ಬಾಲನ್ಯಾಯ ಮಂಡಳಿ ನೋಡುತ್ತದೆ. ಲೋಡ್ ಆಗಿದ್ದ ಗನ್ನನ್ನು ಕೈಗೆ ಸಿಗುವಂತೆ ಬಿಟ್ಟ ದೊಡ್ಡವರ ಮೇಲೆ ನಿರ್ಲಕ್ಷ್ಯದ ಕೇಸು ಬರಬಹುದು. ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇರುವುದು ಬೇರೆಯವರ ಜೀವಕ್ಕೆ ಅಪಾಯ ತರುವ ಇಂಥ ಕೆಲಸಕ್ಕೆ. ಜೀವ ಹೋದರೆ 106.

ಡಾಕ್ಟರು ಪೆಲೆಟ್ ಒಳಗೇ ಬಿಟ್ಟು ಮನೆಗೆ ಕಳಿಸಿದ್ದಾರೆ. ಇದು ಸರಿಯೇ?

ಎಷ್ಟೋ ಸಲ ಸರಿ. ತೊಡೆಯ ಮಾಂಸದೊಳಗೆ ಆಳಕ್ಕೆ ಹೋದದ್ದನ್ನು ಹುಡುಕಲು ಹೋದರೆ ಪೆಲೆಟ್ ಮಾಡಿದ್ದಕ್ಕಿಂತ ದೊಡ್ಡ ಗಾಯವನ್ನು ಕತ್ತರಿಯೇ ಮಾಡುತ್ತದೆ. ದೇಹ ಅದರ ಸುತ್ತ ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ. ಆದರೆ ಕೀಲಿನೊಳಗೆ, ಉದಾಹರಣೆಗೆ ಮೊಣಕಾಲಿನಲ್ಲಿ, ಇದ್ದರೆ ಮಾತು ಬೇರೆ. ಕೀಲಿನ ದ್ರವದಲ್ಲಿ ಸೀಸ ನಿಧಾನವಾಗಿ ಕರಗಿ ರಕ್ತ ಸೇರುತ್ತದೆ, ಅದನ್ನು ತೆಗೆಯುತ್ತಾರೆ. ಒಳಗೆ ಸೀಸ ಉಳಿದಿರುವ ಮಗುವಿಗೆ ರಕ್ತದಲ್ಲಿ ಸೀಸ ಎಷ್ಟಿದೆ ಅನ್ನುವ ಪರೀಕ್ಷೆ ಬೇಕಾ ಅಂತ ಕೇಳಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಮಗು ಪೆಲೆಟ್ ನುಂಗಿಬಿಟ್ಟಿತು.

ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತುರುಕಬೇಡಿ. ಉಸಿರಾಟಕ್ಕೆ ತೊಂದರೆ ಇದ್ದರೆ ಅದು ತುರ್ತು. ಇಲ್ಲದಿದ್ದರೂ ಅವತ್ತೇ ತೋರಿಸಿ ಎಕ್ಸ್‌ರೇ ತೆಗೆಸಿ. ಹೆಚ್ಚಾಗಿ ಮಲದಲ್ಲಿ ಹೋಗಿಬಿಡುತ್ತದೆ. ಹೊಟ್ಟೆಯಲ್ಲೇ ನಿಂತರೆ ಅಲ್ಲಿನ ಆಮ್ಲಕ್ಕೆ ಸೀಸ ಕರಗುತ್ತದೆ, ಮಕ್ಕಳ ದೇಹ ದೊಡ್ಡವರಿಗಿಂತ ಜಾಸ್ತಿ ಸೀಸ ಹೀರಿಕೊಳ್ಳುತ್ತದೆ. ಅಂದಹಾಗೆ, ಲೋಡ್ ಮಾಡುವಾಗ ಪೆಲೆಟ್ಟುಗಳನ್ನು ತುಟಿಯಲ್ಲಿ ಹಿಡಿದುಕೊಳ್ಳುವವರು ಇದ್ದಾರೆ. ಅಪ್ಪ ಹಾಗೆ ಮಾಡಿದರೆ ಮಗ ಮಾಡದೆ ಇರುತ್ತಾನಾ?

ಕೋತಿ ಕಾಟ ತಡೆಯೋಕಾಗಲ್ಲ. ಗನ್ ಇಟ್ಟುಕೊಳ್ಳಲೇಬೇಕು. ಹೇಗೆ ಇಡಬೇಕು?

ಬೆಳೆ ಹಾಳಾಗುವ ಕಷ್ಟ ಗೊತ್ತು. ಆದರೂ ಮಕ್ಕಳು ಬರುವ ಮನೆಯಲ್ಲಿ ಗನ್ ಇಲ್ಲದಿರುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಸದ್ದು ಮಾಡಿ ಓಡಿಸುವ ದಾರಿಗಳಿವೆ. ಕಾಟ ಮಿತಿಮೀರಿದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬಹುದು. ಇನ್ನು ಕಾಡುಪ್ರಾಣಿ, ಹಕ್ಕಿಗೆ ಗುಂಡು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತದೆ. ನವಿಲಿಗೆ ಹೊಡೆದರೆ ಜೈಲೇ. ಅರುಣಾಚಲ ಪ್ರದೇಶದಲ್ಲಿ ಹಕ್ಕಿಗಳನ್ನು ಉಳಿಸಲು 2021ರಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಜನ ತಾವಾಗಿಯೇ ತಂದು ಒಪ್ಪಿಸಿದರು.

ಇಟ್ಟುಕೊಳ್ಳುತ್ತೇವೆ ಅನ್ನುವವರಿಗೆ: ಬಾಗಿಲ ಹಿಂದೆ ಒರಗಿಸುವುದು, ಪಂಪ್‌ಸೆಟ್ ಮನೆಯ ಮೂಲೆಯಲ್ಲಿ ನಿಲ್ಲಿಸುವುದು, ಅಟ್ಟದ ಮೇಲೆ ಗೋಣಿಚೀಲ ಸುತ್ತಿ ಇಡುವುದು, ಇವು ಯಾವುವೂ ಬಚ್ಚಿಟ್ಟಂತೆ ಅಲ್ಲ. ಮಕ್ಕಳಿಗೆ ಅಟ್ಟ ನಮಗಿಂತ ಚೆನ್ನಾಗಿ ಗೊತ್ತು. ಬೀಗ ಹಾಕಿದ ಬೀರು ಅಥವಾ ಟ್ರಂಕು ಬೇಕು. ಪೆಲೆಟ್ ಡಬ್ಬಿಗೆ ಬೇರೆ ಜಾಗ, ಬೇರೆ ಬೀಗ. ಎರಡರ ಕೀಲಿಯೂ ದೊಡ್ಡವರ ಹತ್ತಿರ. ತೋಟದ ಕೆಲಸಕ್ಕೆ ಬರುವವರ ಮಕ್ಕಳೂ ಅಲ್ಲೇ ಆಡುತ್ತಾರೆ ಅನ್ನುವುದು ಮಾಲೀಕರಿಗೆ ನೆನಪಿರಲಿ.

‘ಖಾಲಿ ಇದೆ’ ಅನ್ನುವ ಮಾತನ್ನು ನಂಬಬೇಡಿ. ಒಂದು ಪೆಲೆಟ್ ನಳಿಕೆಯಲ್ಲಿ ಉಳಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಇನ್ನು ನಳಿಕೆ ಬಗ್ಗಿಸಿದ ಸ್ಥಿತಿಯಲ್ಲಿ ಯಾರಾದರೂ ಕುದುರೆ ಒತ್ತಿದರೆ ನಳಿಕೆ ರಪ್ಪನೆ ಮೇಲೆ ಬಂದು ಬಡಿಯುತ್ತದೆ. ನಡುವೆ ಸಿಕ್ಕ ಬೆರಳು ಜಜ್ಜಿಹೋಗುತ್ತದೆ. ಚಿತ್ರದುರ್ಗದ ಸುತ್ತಮುತ್ತ ಬಂಡೆ ಜಾಸ್ತಿ. ಬಂಡೆ, ಕಲ್ಲುಗೋಡೆಗೆ ಹೊಡೆದ ಗುಂಡು, ಅದರಲ್ಲೂ ಉಕ್ಕಿನ ಬಿಬಿ, ಹೊಡೆದವನ ಕಡೆಗೇ ಸಿಡಿದು ಬರಬಹುದು.

ಜಾತ್ರೆಯಲ್ಲಿ ಬಲೂನ್ ಹೊಡೆಯುವ ಅಂಗಡಿ ಪರವಾಗಿಲ್ವಾ?

ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ಜಾತ್ರೆ ಅಂದರೆ ಬಲೂನ್ ಅಂಗಡಿ ಇಲ್ಲದೆ ಹೇಗೆ, ಅಲ್ವಾ? ಜಾತ್ರೆಯ ಖುಷಿ ಕೆಡಿಸುವ ಇರಾದೆ ಇಲ್ಲ. ನಿಂತು ಎರಡು ವಿಷಯ ನೋಡಿ. ಬಲೂನಿನ ಹಿಂದೆ ಏನಿದೆ? ದಪ್ಪ ಹಲಗೆ ಇದ್ದರೆ ಸರಿ. ಬರೀ ಬಟ್ಟೆ ಪರದೆ ಇದ್ದು ಅದರಾಚೆ ಜನ ಓಡಾಡುತ್ತಿದ್ದರೆ ಮುಂದೆ ನಡೆಯಿರಿ. ಗನ್ ಲೋಡ್ ಮಾಡಿ ಕೊಡುವವನು ನಳಿಕೆ ಎತ್ತ ತಿರುಗಿಸುತ್ತಾನೆ? ಚಿಕ್ಕ ಮಗುವಿನ ಕೈಗೆ ಗನ್ ಕೊಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಲು ಅಪ್ಪ ಎದುರಿಗೆ ನಿಲ್ಲುವುದಂತೂ ಬೇಡವೇ ಬೇಡ.

ಪ್ಲಾಸ್ಟಿಕ್ ಗುಂಡಿನ ಗನ್?

6 ಮಿ.ಮೀ. ಪ್ಲಾಸ್ಟಿಕ್ ಗುಂಡು ಚರ್ಮ ಹೊಕ್ಕುವುದು ಅಪರೂಪ. ಕಣ್ಣಿಗೆ ಬಿದ್ದರೆ ಮಾತ್ರ ಮೇಲೆ ಹೇಳಿದ ಒಳರಕ್ತಸ್ರಾವ ಅದರಿಂದಲೂ ಆಗುತ್ತದೆ. ರಕ್ಷಣೆಯ ಕನ್ನಡಕ ಇಲ್ಲದೆ ಬೇಡ.

ಮಗ ಮೊಬೈಲಿನಲ್ಲಿ ನೋಡಿ ಪೈಪಿನ ಕಾರ್ಬೈಡ್ ಗನ್ ಮಾಡಿದ್ದಾನೆ. ಅದರಲ್ಲಿ ಗುಂಡೇ ಇಲ್ಲವಲ್ಲ?

ಗುಂಡಿಲ್ಲ ನಿಜ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಬಿದ್ದರೆ ಅಸಿಟಿಲಿನ್ ಅನಿಲ ಹುಟ್ಟುತ್ತದೆ, ಕಿಡಿ ತಾಗಿದರೆ ಸ್ಫೋಟ. ಹೊತ್ತಲಿಲ್ಲ ಅಂತ ಹುಡುಗ ಪೈಪಿನೊಳಗೆ ಇಣುಕಿ ನೋಡುತ್ತಾನೆ, ಆಗಲೇ ಸಿಡಿಯುತ್ತದೆ. ಬೆಂಕಿಯ ಜೊತೆ ಸುಣ್ಣದಂಥ ಕ್ಷಾರವೂ ಕಣ್ಣಿಗೆ ಹೋಗುತ್ತದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದರಿಂದಲೇ ಎಷ್ಟೋ ಮಕ್ಕಳು ಕಣ್ಣಿನ ಆಸ್ಪತ್ರೆ ಸೇರಿದರು. ಇಲ್ಲಿ ಪ್ರಥಮ ಚಿಕಿತ್ಸೆ ಉಲ್ಟಾ: ತಕ್ಷಣ ಶುದ್ಧ ನೀರಿನಿಂದ ಕಣ್ಣನ್ನು ಬಹಳ ಹೊತ್ತು, ಕನಿಷ್ಠ 20–30 ನಿಮಿಷ, ತೊಳೆಯುತ್ತಲೇ ಇರಬೇಕು. ಆಮೇಲೆ ಆಸ್ಪತ್ರೆ.

ಮಗನಿಗೆ ಶೂಟಿಂಗ್ ಕಲಿಯುವ ಆಸೆ. ಬೇಡ ಅನ್ನಬೇಕಾ?

ಯಾಕೆ ಬೇಡ? 2008ರ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. 2024ರ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪದಕ ತಂದಿದ್ದು ಏರ್ ಪಿಸ್ತೂಲಿನಲ್ಲಿ. ಅದೇ 4.5 ಮಿ.ಮೀ. ಪೆಲೆಟ್. ರೇಂಜಿನಲ್ಲಿ ಕೋಚ್ ಹೇಳುವವರೆಗೆ ಯಾರೂ ಗನ್ ಮುಟ್ಟುವುದಿಲ್ಲ, ಗುರಿಹಲಗೆಯ ಕಡೆ ಯಾರಾದರೂ ಹೋದರೆ ಎಲ್ಲರೂ ಗನ್ ಕೆಳಗಿಡುತ್ತಾರೆ. ಕಲಿಯಬೇಕಾದರೆ ಅಂಥ ಕಡೆ ಕಲಿಯಲಿ, ಹಿತ್ತಿಲಲ್ಲಿ ಬೇಡ.

ಪಕ್ಕದ ಮನೆಯಲ್ಲಿ ಏರ್‌ಗನ್ ಇದೆ, ಮಗು ಅಲ್ಲೇ ಆಡಲು ಹೋಗುತ್ತದೆ. ಹೇಗೆ ಕೇಳುವುದು?

ಸಂಕೋಚ ಆಗುವುದು ಸಹಜ. ನೆಂಟರ ಮನೆಯಾದರೆ ಇನ್ನೂ ಕಷ್ಟ. ಬೊಟ್ಟು ಮಾಡಿ ತೋರಿಸುವಂತೆ ಕೇಳದೆ ನಿಮ್ಮ ಮಗುವಿನ ಮೇಲೆ ಹಾಕಿ ಕೇಳಿ: ‘ಅಕ್ಕಾ, ನಮ್ಮ ಹುಡುಗ ಬಲು ತುಂಟ, ಸಿಕ್ಕಿದ್ದೆಲ್ಲ ಎಳೀತಾನೆ. ನಿಮ್ಮನೇಲಿ ಏರ್‌ಗನ್ ಇದೆಯಂತಲ್ಲ, ಬೀಗ ಹಾಕಿ ಇಟ್ಟಿದ್ದೀರಾ?’ ಹೆಚ್ಚಿನವರು ಬೇಜಾರು ಮಾಡಿಕೊಳ್ಳುವುದಿಲ್ಲ, ಅವತ್ತೇ ಎತ್ತಿಡುತ್ತಾರೆ. ‘ಅಯ್ಯೋ, ಅದರಿಂದ ಏನೂ ಆಗಲ್ಲ ಬಿಡಿ’ ಅಂದರೆ ಮಕ್ಕಳ ಆಟವನ್ನು ನಿಮ್ಮ ಅಂಗಳಕ್ಕೆ ಕರೆಯಿರಿ. ಮಂಡಕ್ಕಿ ಮೆಣಸಿನಕಾಯಿ ಮಾಡಿಟ್ಟರೆ ಅವರ ಮಕ್ಕಳೂ ಇಲ್ಲಿಗೇ ಬರುತ್ತಾರೆ.